ಗುಳ್ಳೆಯೇ ಕಡೆಗೋಲು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾಲೆಯ ನೀರು ತಲುಪದ ಹೊಲಗಳಿಗೆ ಬೋರ್‌ವೆಲ್ಲೇ ಗತಿ. ನೀರು ಕಡಿಮೆಯಿರುವ ಬೋರ್‌ವೆಲ್‌ಗೆ ಕಂಪ್ರೆಸರ್ ಕೂರಿಸುವುದುಂಟು. ಅದು ಕೊಳವೆಯ ತಳಕ್ಕೆ ಗಾಳಿ ಊದುತ್ತದೆ. ನೀರು ಬುಸುಗುಟ್ಟುತ್ತ ಮೇಲೆ ಬರುತ್ತದೆ. ನೀರಿನೊಳಗೆ ಮೋಟಾರೂ ಇಲ್ಲ, ಚಕ್ರವೂ ಇಲ್ಲ. ಹಾಗಾದರೆ ನೀರನ್ನು ಎತ್ತಿದ್ದು ಯಾರು?

ಗಾಳಿ ಬೆರೆತ ನೀರು ಬರಿಯ ನೀರಿಗಿಂತ ಹಗುರ. ಸುತ್ತಲಿನ ಭಾರದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಇದೇ ಉಪಾಯದಿಂದ ಆಂಟಿಬಯೋಟಿಕ್ ಕೊಡುವ ಸೂಕ್ಷ್ಮಜೀವಿಗಳನ್ನೂ ಬೆಳೆಸಬಹುದು. ಅಂತಹ ಪಾತ್ರೆಯೇ ‘ಏರ್‌ಲಿಫ್ಟ್ ಬಯೋರಿಯಾಕ್ಟರ್’.

ಪೆನಿಸಿಲಿನ್ ಕೊಡುವುದು ಒಂದು ಬೂಷ್ಟು. ಸ್ಟ್ರೆಪ್ಟೊಮೈಸಿನ್ ಕೊಡುವುದು ಮಣ್ಣಿನ ಬ್ಯಾಕ್ಟೀರಿಯ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೂ ಇದರ ಬಳಗವೇ ಕಾರಣ. ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಮತ್ತು ಸಂಗಡಿಗರು ಈ ಬಳಗದ ಒಂದು ಜೀವಿಯಿಂದಲೇ ಶಿಲೀಂಧ್ರ ರೋಗಗಳಿಗೆ ‘ಹ್ಯಾಮೈಸಿನ್’ ಎಂಬ ಮದ್ದು ಪಡೆದರು. ತಿರುಮಲಾಚಾರ್ ಅವರಿಗೆ 1967ರ ಭಟ್ನಾಗರ್ ಪ್ರಶಸ್ತಿ ಸಂದಿತು.

ಜೀವಿ ಸಿಕ್ಕರೆ ಸಾಲದು, ಸಾಕಬೇಕು. ಅದಕ್ಕೆ ಬೇಕಾದ ಸಕ್ಕರೆಯನ್ನು ನೀರಿನಲ್ಲಿ ಎಷ್ಟು ಬೇಕಾದರೂ ಕರಗಿಸಬಹುದು. ಕಷ್ಟವಿರುವುದು ಆಮ್ಲಜನಕದಲ್ಲಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಗಾಳಿಗೆ ತೆರೆದಿಟ್ಟ 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ! ಒತ್ತಾಗಿ ಬೆಳೆದ ಜೀವಿಗಳು ಅದನ್ನು ಒಂದು ನಿಮಿಷದೊಳಗೆ ಮುಗಿಸಿಬಿಡುತ್ತವೆ. ಆದ್ದರಿಂದ ಎಡೆಬಿಡದೆ ಗಾಳಿ ಉಣಿಸುತ್ತಿರಬೇಕು.

ಸಾಮಾನ್ಯ ತೊಟ್ಟಿಯಲ್ಲಿ ಗಾಳಿ ಊದುತ್ತ, ಮೋಟಾರಿನ ರೆಕ್ಕೆಗಳಿಂದ ಕಡೆಯುತ್ತಾರೆ. ಇದಕ್ಕೆ ವಿದ್ಯುತ್ ಹೆಚ್ಚು ಬೇಕು. ಬೂಷ್ಟಿನ ಎಳೆಗಳು ತುಂಡಾಗಬಹುದು. ದಂಡ ಒಳಹೋಗುವ ಸಂದಿಯಲ್ಲಿ ಬೇಡದ ಜೀವಿಗಳು ನುಸುಳಬಹುದು. ಏರ್‌ಲಿಫ್ಟ್‌ನಲ್ಲಿ ದೊಡ್ಡ ಕೊಳವೆಯೊಳಗೆ ಚಿಕ್ಕ ಕೊಳವೆ. ಒಳಕೊಳವೆಯ ಬುಡದಲ್ಲಿ ಗಾಳಿ ಬಿಟ್ಟರೆ ದ್ರವ ಮೇಲೇರುತ್ತದೆ, ತುದಿಯಲ್ಲಿ ಗುಳ್ಳೆ ಕಳೆದುಕೊಂಡು ಭಾರವಾಗಿ ಹೊರಸಂದಿನಲ್ಲಿ ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ. ಉಸಿರು ಕೊಡುವುದೂ ಕಡೆಯುವುದೂ ಗುಳ್ಳೆಯೇ.

ಮಿತಿಯೂ ಇದೆ. ಬೂಷ್ಟಿನ ಎಳೆಗಳು ಹೆಣೆದುಕೊಂಡರೆ ದ್ರವ ಅಂಬಲಿಯಂತೆ ಮಂದವಾಗುತ್ತದೆ. ಆಗ ಸಣ್ಣ ಗುಳ್ಳೆಗಳು ಕೂಡಿ ದೊಡ್ಡದಾಗಿ, ಆಮ್ಲಜನಕ ಕೊಡುವ ಮೊದಲೇ ಮೇಲೆ ಹೋಗಿಬಿಡುತ್ತವೆ. ಪೆನಿಸಿಲಿನ್ ಕಾರ್ಖಾನೆಗಳು ಕಡೆಯುವ ತೊಟ್ಟಿಯನ್ನು ಬಿಡದಿರಲು ಇದೊಂದು ಕಾರಣ. ಬೂಷ್ಟನ್ನು ಸಾಸಿವೆಯಂತಹ ಸಣ್ಣ ಉಂಡೆಗಳಾಗಿ ಬೆಳೆಸಿದರೆ ದ್ರವ ತೆಳುವಾಗಿಯೇ ಉಳಿದು ಏರ್‌ಲಿಫ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ.

ಮಾಡಿ ನೋಡಿ: ಗಾಜಿನ ಜಾಡಿಯಲ್ಲಿ, ಎರಡೂ ತುದಿ ತೆರೆದ ಪಾರಕ ಪ್ಲಾಸ್ಟಿಕ್ ಕೊಳವೆಯನ್ನು ತಳದಿಂದ ಎರಡು ಬೆರಳು ಎತ್ತರದಲ್ಲಿ ನಿಲ್ಲಿಸಿ. ಕೊಳವೆ ಮುಳುಗುವಷ್ಟು ನೀರು ತುಂಬಿ. ಮೀನಿನ ತೊಟ್ಟಿಯ ಪಂಪಿನ ಗಾಳಿನಳಿಕೆಯನ್ನು ಕೊಳವೆಯ ಬುಡಕ್ಕೆ ಇಳಿಬಿಡಿ. ಒಂದು ಹನಿ ಶಾಯಿ ಹಾಕಿದರೆ ನೀರು ಸುತ್ತುವ ದಾರಿ ಕಾಣುತ್ತದೆ. ಬೂಷ್ಟನ್ನು ಮಾತ್ರ ಮನೆಯಲ್ಲಿ ಬೆಳೆಸಬೇಡಿ.

ತಂದೆತಾಯಂದಿರಿಗೆ ಒಂದು ಮಾತು. ನೆಗಡಿಗೆ ಕಾರಣ ವೈರಸ್. ಅದಕ್ಕೆ ಆಂಟಿಬಯೋಟಿಕ್ ನಾಟದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಿಸಿದಷ್ಟೂ ಬ್ಯಾಕ್ಟೀರಿಯಗಳು ಮದ್ದಿಗೆ ಬಗ್ಗದಂತಾಗುತ್ತವೆ. ಆಮೇಲೆ ಯಾವ ತೊಟ್ಟಿಯಲ್ಲಿ ಎಷ್ಟು ತಯಾರಿಸಿದರೂ ಆ ಮದ್ದು ಮಗುವಿನ ಜ್ವರಕ್ಕೆ ಬಾರದು.