ಅಜ್ಜನ ಕಟ್ಟೆ: ಒಂದು ಸೇರು ಚುರುಮುರಿ, ಒಂದು ಸೇರು ಜೋಳ

ಮಕ್ಕಳೇ, ಬೇಸಿಗೆ ರಜೆಗೆ ಮುಂಡರಗಿಯ ನಮ್ಮ ಮನೆಗೆ ಮೊಮ್ಮಕ್ಕಳಿಬ್ಬರು ಬಂದಿದ್ದರು. ದೊಡ್ಡವಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಚಿಕ್ಕವನು ಆರನೆಯ ತರಗತಿ. ಒಂದು ಮುಂಜಾನೆ ಚಿಕ್ಕವನು ನೀರೊಲೆಯ ಮುಂದೆ ಕೂತು ಕೇಳಿದ: “ಅಜ್ಜಾ, ನೀರು ಕಾದ ಮ್ಯಾಲೂ ಇಷ್ಟು ಬಿಸಿ ಸುಮ್ಮನ ಹೊರಗ ಹೊಕ್ಕೈತಲ್ಲ, ಇದರಾಗ ಕರೆಂಟ್ ಮಾಡಾಕ ಬರೂದಿಲ್ಲೇನು?”

ಒಳ್ಳೆಯ ಪ್ರಶ್ನೆ. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ ನೋಡಿದ್ದೀರಲ್ಲ? ಸಕ್ಕರೆ ಕಾರ್ಖಾನೆಯ ಟರ್ಬೈನಿಗೂ ಹಾಗೇ ರೆಕ್ಕೆಗಳಿವೆ. ಅಲ್ಲಿ ಗಾಳಿಯ ಬದಲು ಉಗಿ ತಳ್ಳುತ್ತದೆ. ಆದರೆ ನೀರು ಕುದಿಯಲು 100 ಡಿಗ್ರಿ ಬೇಕು. 80, 90 ಡಿಗ್ರಿಯ ಸಣ್ಣ ಬಿಸಿಗೆ ಅದು ಜಗ್ಗುವುದಿಲ್ಲ.

ಅದಕ್ಕೇ ಬೇರೆ ದ್ರವ ಹುಡುಕಿದರು. ಪೆಂಟೇನ್ ಎಂಬುದು 36 ಡಿಗ್ರಿಗೇ ಕುದಿಯುತ್ತದೆ. ನಮ್ಮೂರ ಏಪ್ರಿಲ್ ಮಧ್ಯಾಹ್ನದ ಬಿಸಿಲೇ ಅದಕ್ಕೆ ಸಾಕು! ಆದರೆ ಅದು ಪೆಟ್ರೋಲಿನಂತೆ ಭಗ್ಗನೆ ಹೊತ್ತಿಕೊಳ್ಳುವ ವಸ್ತು, ಮನೆಯಲ್ಲಿ ಮುಟ್ಟುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಕಾದು ಆವಿಯಾಗಿ, ಟರ್ಬೈನ್ ತಿರುಗಿಸಿ, ತಣ್ಣಗಾಗಿ ಮತ್ತೆ ದ್ರವವಾಗುತ್ತದೆ. ಪಂಪು ಅದನ್ನು ಮರಳಿ ಬಿಸಿಯ ಕಡೆಗೆ ನೂಕುತ್ತದೆ.

ಮೊಮ್ಮಗಳ ಕೆಲಸವೂ ಇದರದ್ದೇ. ಯಂತ್ರ ಕಟ್ಟುವ ಮೊದಲು ರೆಕ್ಕೆಗಳ ನಡುವೆ ಆವಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡುವುದು. ತೋಟಕ್ಕೆ ನೀರು ಹಾಯಿಸುವಾಗ ಮಡಿ ಮಾಡುತ್ತೇವಲ್ಲ, ಹಾಗೆ ಆ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಮಡಿಗಳಾಗಿ ಒಡೆಯುತ್ತಾರೆ. ಪ್ರತಿ ಮಡಿಗೂ ಬಂದದ್ದೆಷ್ಟು, ಹೋದದ್ದೆಷ್ಟು, ವೇಗವೆಷ್ಟು, ಶಾಖವೆಷ್ಟು ಎಂದು ಲೆಕ್ಕ. ಲೆಕ್ಕ ಹೊಂದುವವರೆಗೂ ಸಾವಿರಾರು ಸಲ ತಿದ್ದುವುದು ಕಂಪ್ಯೂಟರಿನ ಪಾಲು.

ಆ ವಾರ ಅವಳ ಲೆಕ್ಕವನ್ನು ಮೇಷ್ಟ್ರು ತಪ್ಪೆಂದು ವಾಪಸ್ ಕಳಿಸಿದ್ದರು. ಸೋಮವಾರದೊಳಗೆ ಮತ್ತೆ ಕೊಡಬೇಕು. ಹುಡುಗಿ ಊಟ ಬಿಟ್ಟು ಮೂಲೆಯಲ್ಲಿ ಕೂತಳು. ಅವಳ ಅಜ್ಜಿ ಹತ್ತಿರ ಹೋದಳು.

“ಏನವ್ವಾ, ಮಡಿಗೆ ಬಂದದ್ದು, ಹೋದದ್ದು ಲೆಕ್ಕ ಹತ್ತಲಿಲ್ಲೇನು?”

“ಲೆಕ್ಕ ಹತ್ತೇತಿ ಅಜ್ಜಿ. ಆದ್ರೂ ತಪ್ಪಂತಾರ.”

“ಹಂಗಾದ್ರ ಸೇರು ನೋಡು. ಒಂದು ಸೇರು ಚುರಮರಿ, ಒಂದು ಸೇರು ಜ್ವಾಳ, ತೂಕ ಒಂದ ಏನು?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಲ್ಯಾಪ್‌ಟಾಪ್ ತೆರೆದಳು.

ತಪ್ಪು ಅಲ್ಲೇ ಇತ್ತು. ಪೆಂಟೇನ್ ಆವಿಯೂ ನಾವು ಉಸಿರಾಡುವ ಗಾಳಿಯಂತೆ ತೆಳುವೆಂದು ಅವಳು ಕಂಪ್ಯೂಟರಿಗೆ ಹೇಳಿದ್ದಳು. ಆದರೆ ಒತ್ತಡ ಹೆಚ್ಚಿದ್ದು, ಇನ್ನೇನು ದ್ರವವಾಗಲಿರುವ ಆವಿಯ ಕಣಗಳು ಒಂದನ್ನೊಂದು ಎಳೆಯುತ್ತವೆ, ಒತ್ತಾಗಿ ಕೂಡುತ್ತವೆ. ಅಷ್ಟೇ ಮಡಿಯಲ್ಲಿ ಹೆಚ್ಚು ತೂಕ ಹಿಡಿಯುತ್ತದೆ. ಅವಳು ಜೋಳವನ್ನು ಚುರುಮುರಿಯ ತೂಕಕ್ಕೆ ಅಳೆದಿದ್ದಳು! ಇನ್ನೊಂದು ಸಂಗತಿ: ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ, ಈ ಭಾರದ ಆವಿಯಲ್ಲಿ ಸುಮಾರು 200 ಮೀಟರ್ ಮಾತ್ರ. ಹಾಗಾಗಿ ಆವಿ ಬೇಗನೆ ಶಬ್ದದ ವೇಗವನ್ನು ದಾಟುತ್ತದೆ. ಆಗ ರೆಕ್ಕೆಗಳ ನಡುವೆ ಆಘಾತದ ಅಲೆ ಎದ್ದು ಶಕ್ತಿ ಸೋರುತ್ತದೆ.

ನಿಜವಾದ ಗುಣಗಳನ್ನು ಕೊಟ್ಟು ರಾತ್ರಿಯಿಡೀ ಲೆಕ್ಕ ಓಡಿಸಿದಳು. ಉತ್ತರ ಮೊದಲಿಗಿಂತ ಕಡಿಮೆ ಬಂತು. ಆದರೆ ಈ ಸಲ ಅದು ವಾಪಸ್ ಬರಲಿಲ್ಲ.

ಚಿಕ್ಕವನಿಗೆ ನಿರಾಸೆ. “ಅಷ್ಟ ಏನು?” ಎಂದ. ಹೌದಪ್ಪಾ, ಅಷ್ಟೇ. ಬಿಸಿ 90 ಡಿಗ್ರಿ, ಹೊರಗೆ 35 ಡಿಗ್ರಿ ಇದ್ದರೆ ನೂರು ಪಾಲು ಶಾಖದಲ್ಲಿ 15 ಪಾಲಿಗಿಂತ ಹೆಚ್ಚು ಯಾವ ಯಂತ್ರವೂ ಕೊಡಲಾರದು. ಅಮೆರಿಕದ ಅಲಾಸ್ಕಾದ ಚೇನಾ ಎಂಬಲ್ಲಿ 2006ರಿಂದ 74 ಡಿಗ್ರಿಯ ಬಿಸಿನೀರ ಬುಗ್ಗೆಯಿಂದ ವಿದ್ಯುತ್ ಮಾಡುತ್ತಿದ್ದಾರೆ. ಅಲ್ಲಿ ಸಿಗುವುದು ಸುಮಾರು 8 ಪಾಲು. ನಮ್ಮ ಬಳ್ಳಾರಿಯಾಚೆ, ಆಂಧ್ರದ ತಾಡಿಪತ್ರಿಯ ಸಿಮೆಂಟ್ ಕಾರ್ಖಾನೆಯೊಂದೂ ಇಂಥ ಯಂತ್ರ ಹಾಕಿಸಿತು. ನಮ್ಮ ನೀರೊಲೆಗೆ ಈ ಖರ್ಚು ಗಿಟ್ಟದು. ಹಗಲಿರುಳು ಬಿಸಿ ಚೆಲ್ಲುವ ದೊಡ್ಡ ಕಾರ್ಖಾನೆಗೆ ಗಿಟ್ಟೀತು. ಚೆಲ್ಲಿ ಹೋಗುವುದರಲ್ಲಿ ಎಂಟು ಪಾಲು ಉಳಿದರೂ ಉಳಿತಾಯವೇ ತಾನೆ?

ಈ ವಾರದ ಕೆಲಸ: ಅಜ್ಜಿಯನ್ನು ಕೇಳಿ ಸೇರು ತೆಗೆದುಕೊಳ್ಳಿ. ಒಮ್ಮೆ ಚುರುಮುರಿ, ಒಮ್ಮೆ ಜೋಳ ತುಂಬಿ ತೂಗಿ ನೋಡಿ. ತೂಕ ಬರೆದಿಟ್ಟ ಮೇಲೆ ಚುರುಮುರಿ ನಿಮ್ಮದು!