ತೊಗರಿ ಹೊಲಕ್ಕೆ ಹೊತ್ತಿಗೆ ಸರಿಯಾದ ಸಲಹೆ ಕೋರಿ ಮನವಿ

ಗೆ,
ಮಾನ್ಯ ಕೃಷಿ ಆಯುಕ್ತರು,
ಕೃಷಿ ಇಲಾಖೆ, ಶೇಷಾದ್ರಿ ರಸ್ತೆ, ಬೆಂಗಳೂರು.

ಇವರಿಂದ:
ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ಸಣ್ಣ ಹಾಗೂ ಅತಿ ಸಣ್ಣ ತೊಗರಿ ಬೆಳೆಗಾರರು,
ಕಲಬುರಗಿ ಜಿಲ್ಲೆ.

ವಿಷಯ: ಸರ್ಕಾರದ ಬಳಿ ಈಗಾಗಲೇ ಇರುವ ಡಿಜಿಟಲ್ ಮಾಹಿತಿಯನ್ನು ಬಳಸಿ ಸಣ್ಣ ರೈತರಿಗೆ ಹೊಲವಾರು ಸಲಹೆ ಒದಗಿಸುವ ಕುರಿತು.

ಮಾನ್ಯರೆ,

ಐದು ಎಕರೆಗಿಂತ ಕಡಿಮೆ ಜಮೀನಿನಲ್ಲಿ ಮಳೆಯನ್ನೇ ನಂಬಿ ತೊಗರಿ ಬೆಳೆಯುವವರು ನಾವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಆ ತೊಗರಿಯನ್ನು ಹೊಲದಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಕೇಳಲು ನಮಗೆ ಹತ್ತಿರ ಸಿಗುವವರು ಇಂದಿಗೂ ಕೀಟನಾಶಕದ ಎಣ್ಣೆ ಮಾರುವ ಅಂಗಡಿಯವರೇ. ಅವರ ಮೇಲೆ ನಮಗೆ ದ್ವೇಷವಿಲ್ಲ, ಬಿತ್ತನೆ ಹೊತ್ತಿನಲ್ಲಿ ಉದ್ದರಿ ಕೊಡುವವರೂ ಅವರೇ. ಆದರೆ ಮಾರುವವರೇ ಮದ್ದು ಬರೆಯುವ ಕಡೆ ‘ಈ ವಾರ ಏನೂ ಹೊಡೆಯಬೇಡಿ’ ಎನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ಹೊಸದೊಂದು ಆ್ಯಪ್ ಮಾಡಿಕೊಡಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಪಹಣಿ ಭೂದಾಖಲೆಯ ‘ಭೂಮಿ’ ತಂತ್ರಾಂಶದಲ್ಲಿದೆ. ‘ಫ್ರೂಟ್ಸ್’ ತಂತ್ರಾಂಶದಲ್ಲಿ ನಮ್ಮ ರೈತ ಗುರುತಿನ ಸಂಖ್ಯೆ (ಎಫ್‌ಐಡಿ) ಇದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ನಿಂತಿದೆ ಎಂಬುದರ ಫೋಟೊ ಬೆಳೆ ಸಮೀಕ್ಷೆಯ ಆ್ಯಪ್ ಮೂಲಕ ಪ್ರತಿ ಹಂಗಾಮಿನಲ್ಲೂ ಇಲಾಖೆಗೆ ಹೋಗುತ್ತದೆ. 2020ರ ಮುಂಗಾರಿನಿಂದ ಆ ಫೋಟೊ ತೆಗೆಯುವ ಅವಕಾಶ ರೈತರ ಕೈಗೇ ಬಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ಬೋರಾನ್, ಗಂಧಕ ಸೇರಿ ಹನ್ನೆರಡು ಅಂಶಗಳ ಲೆಕ್ಕವಿದೆ. ಇಷ್ಟೆಲ್ಲ ಮಾಹಿತಿ ನಮ್ಮ ಹೊಲದಿಂದ ಬೆಂಗಳೂರಿಗೆ ಹೋಗಿ ವಿಮೆಗೆ, ಪರಿಹಾರಕ್ಕೆ, ಬೆಂಬಲ ಬೆಲೆಯ ನೋಂದಣಿಗೆ ಬಳಕೆಯಾಗುತ್ತದೆ. ಅದೇ ಮಾಹಿತಿ ಸಲಹೆಯ ರೂಪದಲ್ಲಿ ಹೊಲಕ್ಕೆ ಮರಳಬೇಕೆಂಬುದು ಈ ಮನವಿಯ ತಿರುಳು.

ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾಯಿಕೊರಕ ಹುಳವನ್ನೇ ನೋಡಬಹುದು. ಅದರ ಪತಂಗ ಹೂ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಎಳೆ ಹುಳವನ್ನು ಬೇವಿನ ಕಷಾಯವಾಗಲಿ, ಎನ್‌ಪಿವಿ ನಂಜಾಣುವಾಗಲಿ, ಕಡಿಮೆ ಖರ್ಚಿನ ಔಷಧವಾಗಲಿ ತಡೆಯಬಲ್ಲದು. ಬಲಿತು ಕಾಯಿಯೊಳಗೆ ತಲೆ ತೂರಿಸಿದ ಹುಳಕ್ಕೆ ಹೊಡೆದ ದುಬಾರಿ ಎಣ್ಣೆಯೂ ಸರಿಯಾಗಿ ತಾಕುವುದಿಲ್ಲ. ಈ ಎರಡು ಹಂತಗಳ ನಡುವೆ ಇರುವುದು ಕೆಲವೇ ದಿನ. ಹೂವಾಡುವ ಕಾಲಕ್ಕೆ ಮೋಡ ಕವಿಯಿತೆಂದರೆ ನಮಗೆ ಚಿಂತೆ ಶುರು. ಆ ವಾರ ನಮ್ಮ ಪಂಚಾಯಿತಿಯ ಹವೆ ಹೇಗಿದೆ, ಸುತ್ತಲಿನ ಮೋಹಕ ಬಲೆಗಳಿಗೆ ಎಷ್ಟು ಪತಂಗ ಬಿದ್ದಿವೆ, ಹೊಡೆಯಬೇಕೋ ಕಾಯಬೇಕೋ ಎಂಬ ಮಾತು ಆ ವಾರವೇ ಬರಬೇಕು. ಜಿಲ್ಲೆಗೆಲ್ಲ ಒಂದೇ ಪ್ರಕಟಣೆ ಸಾಲದು. ಭೀಮಾ ದಂಡೆಯ ಎರೆಭೂಮಿಗೂ ಆಳಂದದ ಕಲ್ಲುಮಿಶ್ರಿತ ಮಣ್ಣಿಗೂ ಒಂದೇ ಸಲಹೆ ಹೊಂದುವುದಿಲ್ಲ. ಆದ್ದರಿಂದ ಹೋಬಳಿಗೆ ಕೆಲವು ಹೊಲಗಳಲ್ಲಾದರೂ ಬಲೆ ಹಾಕಿಸಿ, ಎಣಿಕೆಯನ್ನು ಮೊಬೈಲಿನಲ್ಲಿ ದಾಖಲಿಸಿ, ಮಳೆಮಾಪಕದ ಮಾಹಿತಿಯೊಡನೆ ಕೂಡಿಸಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಜ್ಞರ ಸಹಿಯೊಂದಿಗೆ ಪಂಚಾಯಿತಿವಾರು ಸೂಚನೆ ಹೊರಡಿಸಬೇಕೆಂದು ಕೋರುತ್ತೇವೆ.

ನೆಟೆ ರೋಗದ ಸಂಗತಿ ಕಾಯಿಕೊರಕಕ್ಕೆ ತದ್ವಿರುದ್ಧ. ಅದರ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಬಾಡಿದ ಮೇಲೆ ಏನು ಹೊಡೆದರೂ ಅದು ಮತ್ತೆ ಚಿಗುರದು. ಆದರೂ ಬಾಡುವ ಗಿಡ ಕಂಡ ದಿನವೇ ಅಂಗಡಿಗೆ ಓಡಿ ಬಾಟಲಿ ತರುವವರು ನಮ್ಮಲ್ಲಿ ಬಹಳ ಜನ. 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿ ನೆಟೆಯಿಂದ ಒಣಗಿ ನಿಂತದ್ದು ತಮಗೆ ತಿಳಿದೇ ಇದೆ. ಈ ರೋಗಕ್ಕೆ ಮದ್ದಿರುವುದು ಬಿತ್ತನೆಗೆ ಮುಂಚೆ: ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ, ಟ್ರೈಕೊಡರ್ಮಾ ಬೀಜೋಪಚಾರ, ಬೆಳೆ ಬದಲಾವಣೆ. ಹಿಂದಿನ ವರ್ಷ ಯಾವ ಸರ್ವೆ ನಂಬರಿನಲ್ಲಿ ತೊಗರಿ ಇತ್ತು ಎಂಬುದು ಬೆಳೆ ಸಮೀಕ್ಷೆಯಲ್ಲಿದೆ. ಎಲ್ಲಿ ನೆಟೆ ಬಿತ್ತು ಎಂಬುದು ಪರಿಹಾರದ ಕಡತಗಳಲ್ಲಿದೆ. ಇವೆರಡನ್ನೂ ಜೋಡಿಸಿದರೆ ಮಿರಗ (ಮೃಗಶಿರ) ಮಳೆ ಕೂಡುವ ಮುನ್ನವೇ ಆ ಹೊಲದ ರೈತನಿಗೆ ‘ಈ ಸಲ ಇಲ್ಲಿ ತೊಗರಿ ಬೇಡ, ಜೋಳ ಹಾಕಿ’ ಎಂದು ಕರೆ ಮಾಡಿ ಹೇಳಬಹುದು. ಬೇಕಾದ ತಳಿಯ ಬೀಜ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಎಷ್ಟು ದಾಸ್ತಾನಿದೆ ಎಂಬುದನ್ನೂ ಅದೇ ಕರೆಯಲ್ಲಿ ತಿಳಿಸಬೇಕು. ಬೀಜ ಸಿಗದಿದ್ದರೆ ಸಲಹೆಯಿಂದ ನಮಗೆ ಪ್ರಯೋಜನವಿಲ್ಲ.

ಕರೆ ಎಂದು ನಾವು ಬೇಕೆಂದೇ ಬರೆದಿದ್ದೇವೆ. ನಮ್ಮಲ್ಲಿ ಹಲವರ ಬಳಿ ಇರುವುದು ಬಟನ್ ಫೋನು. ಸ್ಮಾರ್ಟ್ ಫೋನಿದ್ದ ಮನೆಯಲ್ಲೂ ಅದು ಹಗಲೆಲ್ಲ ಮಗನ ಜೇಬಿನಲ್ಲಿರುತ್ತದೆ. ಸಲಹೆ ಧ್ವನಿಯಲ್ಲಿ ಬರಲಿ, ನಮ್ಮ ಭಾಗದ ಆಡುಮಾತಿನಲ್ಲಿ ಬರಲಿ, ತಾಂಡಾಗಳಿಗೆ ಲಂಬಾಣಿಯಲ್ಲೂ ಬರಲಿ. ಮರಳಿ ಪ್ರಶ್ನೆ ಕೇಳುವ ಅವಕಾಶವೂ ಇರಲಿ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, ಮಳೆಯ ಮಾಹಿತಿಗೆ ‘ವರುಣ ಮಿತ್ರ’ ಇದೆ, ಹೊಲಕ್ಕೇ ಬರುವ ‘ಕೃಷಿ ಸಂಜೀವಿನಿ’ ವಾಹನಗಳಿವೆ. ಎಲ್ಲವೂ ಒಳ್ಳೆಯ ಕೆಲಸಗಳೇ. ರೈತ ಯಾವ ನಂಬರಿಗೆ ಕರೆ ಮಾಡಿದರೂ ಅವನ ಹೊಲ, ಬೆಳೆ, ಮಣ್ಣಿನ ವಿವರ ಉತ್ತರಿಸುವವರ ಕಣ್ಣ ಮುಂದೆ ತೆರೆದುಕೊಳ್ಳುವಂತೆ ಇವನ್ನು ಒಂದಕ್ಕೊಂದು ಜೋಡಿಸಿಕೊಡಿ.

ಯಂತ್ರ ಬಂತೆಂದು ಮನುಷ್ಯರನ್ನು ಕಡಿಮೆ ಮಾಡಬಾರದು. ಇದನ್ನು ನಾವು ಒತ್ತಿ ಹೇಳುತ್ತೇವೆ. ಫೋಟೊ ನೋಡಿ ರೋಗ ಹೇಳುವ ತಂತ್ರಾಂಶ ಸತುವಿನ ಕೊರತೆಯನ್ನು ರೋಗವೆಂದು ಭಾವಿಸಿದರೆ ನಷ್ಟ ಭರಿಸುವವರು ನಾವು. ತಂತ್ರಾಂಶಕ್ಕೆ ಅನುಮಾನ ಬಂದ ಕಡೆ ಹೊಲಕ್ಕೆ ಬಂದು ಗಿಡ ಕಿತ್ತು ಬೇರು ನೋಡುವ ಒಬ್ಬ ಅಧಿಕಾರಿ ಇರಲೇಬೇಕು. ಹೋಬಳಿ ಕೇಂದ್ರಗಳಲ್ಲಿ ಖಾಲಿ ಇರುವ ಸಹಾಯಕ ಕೃಷಿ ಅಧಿಕಾರಿಗಳ ಹುದ್ದೆಗಳನ್ನು ತುಂಬುವುದೂ ಈ ಯೋಜನೆಯ ಭಾಗವೇ ಆಗಬೇಕು. ಕೊಟ್ಟ ಪ್ರತಿ ಸಲಹೆಯೂ ದಿನಾಂಕ, ಕೊಟ್ಟವರ ಹೆಸರಿನೊಂದಿಗೆ ದಾಖಲಾಗಬೇಕು. ಸಲಹೆ ತಪ್ಪಿದಾಗ ಯಾರನ್ನು ಕೇಳಬೇಕೆಂದು ರೈತನಿಗೆ ಗೊತ್ತಿರಬೇಕು.

ಸಲಹೆ ಹರಡಲು ಊರಿನ ರೈತರ ಮಾತನ್ನೇ ವಿಡಿಯೊ ಮಾಡಿ ಅಕ್ಕಪಕ್ಕದವರಿಗೆ ತೋರಿಸುವ ಕ್ರಮ ನಮ್ಮ ರಾಜ್ಯಕ್ಕೆ ಹೊಸದಲ್ಲ. ‘ಡಿಜಿಟಲ್ ಗ್ರೀನ್’ ಸಂಸ್ಥೆ ಆ ಕೆಲಸ ಆರಂಭಿಸಿದ್ದು ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲೇ. ಗಿಡ ಅಲುಗಾಡಿಸಿ ಹಾಸಿದ ಬಟ್ಟೆಯ ಮೇಲೆ ಹುಳ ಬೀಳಿಸುವ ನಮ್ಮ ಹೆಂಗಸರ ಕೈಚಳಕ ಅಂಥ ವಿಡಿಯೊಗಳಲ್ಲಿ ಬರಲಿ. ಸ್ವಸಹಾಯ ಸಂಘದ ಸಭೆಗಳಲ್ಲಿ ಅವನ್ನು ತೋರಿಸಲಿ.

ಇನ್ನೊಂದು ಅನ್ಯಾಯವನ್ನೂ ತಮ್ಮ ಗಮನಕ್ಕೆ ತರಬೇಕು. ಎಫ್‌ಐಡಿ ಪಹಣಿಯನ್ನು ಆಧರಿಸಿದೆ. ಲಾವಣಿಗೆ, ಪಾಲಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಕಳೆ ತೆಗೆಯುವ, ಕಾಯಿ ನೋಡುವ ಹೆಣ್ಣುಮಗಳ ಹೆಸರೂ ಬಹಳ ಕಡೆ ಇರುವುದಿಲ್ಲ. ಆದ್ದರಿಂದ ಸಲಹೆ ಹೋಗುವುದು ಊರು ಬಿಟ್ಟ ಮಾಲೀಕನ ಫೋನಿಗೆ. ಜಮೀನಿನ ಹಕ್ಕಿಗೆ ಯಾವ ಸಂಬಂಧವೂ ಇಲ್ಲದಂತೆ, ಸಲಹೆಗೆ ಮಾತ್ರ ಅನ್ವಯಿಸುವ ಉಳುಮೆದಾರರ ನೋಂದಣಿಯನ್ನು ಗ್ರಾಮ ಪಂಚಾಯಿತಿಯಲ್ಲಿ ತೆರೆಯಬೇಕು.

ನಮ್ಮ ಮಾಹಿತಿ ನಮ್ಮ ಒಪ್ಪಿಗೆಯಿಲ್ಲದೆ ಗೊಬ್ಬರ, ಔಷಧ, ಸಾಲದ ಕಂಪನಿಗಳ ಕೈಗೆ ಹೋಗಕೂಡದು. ಇದರಲ್ಲಿ ರಾಜಿಯಿಲ್ಲ.

ಈ ವ್ಯವಸ್ಥೆಯನ್ನು ಮೊದಲ ಹಂತದಲ್ಲಿ ನಮ್ಮ ಎರಡು ತಾಲ್ಲೂಕುಗಳಲ್ಲಿ, ಬರುವ ಮುಂಗಾರಿನಿಂದಲೇ ಆರಂಭಿಸಬೇಕು. ಅದಕ್ಕೆ ಬೇಕಾದ ಹಣದ ಒಂದು ಪಾಲನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಪಡೆಯಬಹುದು. ಏಪ್ರಿಲ್ ಮುಗಿಯುವುದರೊಳಗೆ ಹೋಬಳಿ ಮಟ್ಟದಲ್ಲಿ ರೈತರು, ಇಲಾಖೆ, ವಿಶ್ವವಿದ್ಯಾಲಯದ ತಜ್ಞರು ಕೂಡುವ ಸಭೆ ಕರೆದು, ಈ ಬೇಡಿಕೆಗಳ ಪೈಕಿ ಯಾವುದನ್ನು ಒಪ್ಪಿದಿರಿ, ಯಾವುದಕ್ಕೆ ಅಡ್ಡಿಯಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಮನವಿಗೆ ಸಹಿ ಮತ್ತು ಹೆಬ್ಬೆಟ್ಟು ಒತ್ತಿದ ರೈತರು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿಗಳು: ಕುಲಪತಿಗಳು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಯಚೂರು, ಜಂಟಿ ಕೃಷಿ ನಿರ್ದೇಶಕರು, ಕಲಬುರಗಿ, ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.