ಪಡುವಣ ಗಾಳಿ

ಆಷಾಢವು ಹುಟ್ಟಿತೆಂದರೆ ನಮ್ಮ ಬಾಗಲೂರಿನಲ್ಲಿ ಗಾಳಿಯದೇ ದರ್ಬಾರು. ಮಲೆನಾಡಿನ ಮೇಲೆ ಮಳೆಯನ್ನೆಲ್ಲ ಸುರಿದು ಬರಿಗೈಯಾದ ಪಡುವಣ ಗಾಳಿಯು ಈ ಬಯಲುಸೀಮೆಯನ್ನು ಮುಟ್ಟುವ ಹೊತ್ತಿಗೆ ಅದರ ಬಳಿ ಉಳಿದಿರುವುದು ತುಂತುರು ಮತ್ತು ಧೂಳು. ಅದು ಕದಗಳನ್ನು ಬಡಿಯುವುದು, ಒಣಹಾಕಿದ ಬಟ್ಟೆಯನ್ನು ನೆರೆಯವರ ಹಿತ್ತಿಲಿಗೆ ಒಯ್ಯುವುದು, ಕೆರೆಯ ಏರಿಯ ಮೇಲೆ ನಡೆಯುವವರ ಕೊಡೆಯನ್ನು ಮಗುಚುವುದು. ಅದರ ಉಪದ್ರವವನ್ನು ಗೃಹಿಣಿಯರಿಗೆ ನಾವು ಬಣ್ಣಿಸಿ ಹೇಳಬೇಕಾದುದಿಲ್ಲ.

ಇಂತಹ ಒಂದು ಸಂಜೆ ನೆರೆಮನೆಯ ಹುಡುಗಿ, ಕಾಲೇಜಿನಲ್ಲಿ ಓದುವವಳು, ಇಂಗ್ಲೀಷು ಪಠ್ಯಪುಸ್ತಕವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಮ್ಮಲ್ಲಿಗೆ ಬಂದಳು. ಷೆಲ್ಲಿ ಕವಿಯು ಪಡುವಣ ಗಾಳಿಯನ್ನು ಕುರಿತು ಹಾಡಿದ ಪ್ರಗಾಥವು ಅವಳ ಪಾಠ. ಪುಟದ ಅಂಚಿನಲ್ಲಿ ತರಗತಿಯಲ್ಲಿ ಬರೆಯಿಸಿದ ಉತ್ತರವು ಸಿದ್ಧವಾಗಿಯೇ ಇದ್ದಿತು: ‘ಕವಿಯ ಪ್ರಕೃತಿಪ್ರೇಮ.’

“ಪ್ರೇಮವಾದರೆ ಇಷ್ಟೊಂದು ಕೂಗಾಟವೇಕೆ, ತಾತ?” ಎಂದು ಅವಳು ಕೇಳಿದಳು.

ಪ್ರಶ್ನೆಯು ನ್ಯಾಯವಾದುದೇ. ಆ ಎರಡು ಪದಗಳ ಉತ್ತರವನ್ನು ನಾವೂ ನಮ್ಮ ಕಾಲದಲ್ಲಿ ಬರೆದು ಅಂಕವನ್ನು ಪಡೆದವರೇ ಆದುದರಿಂದ ತುಸು ನಾಚಿಕೆಯಾಯಿತು.

ಆ ಪ್ರಗಾಥವು ಹುಟ್ಟಿದುದು 1819ರ ಶರತ್ಕಾಲದಲ್ಲಿ, ಇಟಲಿಯ ಫ್ಲಾರೆನ್ಸ್ ನಗರದ ಬಳಿಯ ಒಂದು ತೋಪಿನಲ್ಲಿ. ಅದೇ ವರ್ಷ ಆಗಸ್ಟ್ 16ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಬಯಲಿನಲ್ಲಿ ಹತ್ತಾರು ಸಾವಿರ ಜನರು, ಹೆಂಗಸರೂ ಮಕ್ಕಳೂ ಸಹಿತ, ತಮಗೂ ಪಾರ್ಲಿಮೆಂಟಿನಲ್ಲಿ ಪ್ರಾತಿನಿಧ್ಯವು ಬೇಕೆಂದು ಕೇಳಲು ನೆರೆದಿದ್ದರು. ಅವರ ಮೇಲೆ ಕುದುರೆಯ ದಂಡು ಕತ್ತಿಯನ್ನು ಹಿರಿದು ನುಗ್ಗಿತು. ನಾಲ್ಕು ವರ್ಷ ಹಿಂದೆ ವಾಟರ್ಲೂವಿನಲ್ಲಿ ಗೆದ್ದ ಸೇನೆಯ ಈ ಪರಾಕ್ರಮವನ್ನು ಜನರು ಅಣಕಿಸಿ ‘ಪೀಟರ್ಲೂ’ ಎಂದು ಕರೆದರು. ದೂರದೇಶದಲ್ಲಿದ್ದ ಷೆಲ್ಲಿಗೆ ಸುದ್ದಿಯು ಮುಟ್ಟಿದಾಗ ಅವನು ಮಂತ್ರಿಗಳ ಹೆಸರನ್ನೇ ಹಿಡಿದು ‘ಮಾಸ್ಕ್ ಆಫ್ ಅನಾರ್ಕಿ’ ಎಂಬ ನೇರವಾದ ಕವಿತೆಯನ್ನು ಬರೆದು ಲಂಡನ್ನಿಗೆ ಕಳುಹಿದನು. ಅಚ್ಚುಹಾಕಬೇಕಾದ ಮಿತ್ರನು ಅಂಜಿ ಅದನ್ನು ಪೆಟ್ಟಿಗೆಯಲ್ಲಿಟ್ಟನು. ಅದು ಬೆಳಕನ್ನು ಕಂಡುದು 1832ರಲ್ಲಿ. ಕವಿಯು ಸಮುದ್ರದಲ್ಲಿ ಮುಳುಗಿ ತೀರಿಹೋಗಿ ಹತ್ತು ವರ್ಷಗಳಾಗಿದ್ದುವು. ಗಾಳಿಯ ಪ್ರಗಾಥವಾದರೋ 1820ರಲ್ಲಿಯೇ ಅಚ್ಚಾಯಿತು. ಗಾಳಿಯನ್ನು ಯಾವ ಮಂತ್ರಿಯು ತಡೆದಾನು? ಅದರ ಒಳಗೂ ಇದ್ದುದು ಅದೇ ಕಿಚ್ಚು. ಉದುರಬೇಕಾದ ತರಗೆಲೆಯು ಹಳೆಯ ವ್ಯವಸ್ಥೆ, ಮಣ್ಣಿನಲ್ಲಿ ಹುದುಗಿ ಕಾಯುವ ಬೀಜವು ಹೊಸ ವಿಚಾರ, ಎರಡನ್ನೂ ಹೊತ್ತು ಸಾಗುವ ಗಾಳಿಯು ಒಂದೇ.

“ಆದರೆ ನಮ್ಮಲ್ಲಿ ಈ ಗಾಳಿ ಬೀಸುವಾಗ ಎಲೆ ಉದುರುವುದೇ ಇಲ್ಲವಲ್ಲ, ತಾತ?” ಎಂದಳು ಹುಡುಗಿ.

ಇದು ಹೌದಾದ ಮಾತು. ನಮ್ಮ ಹೊಂಗೆ ಅರಳಿಗಳು ಎಲೆಯನ್ನುದುರಿಸುವುದು ಚಳಿಗಾಲವು ಕಳೆಯುವಾಗ, ಯುಗಾದಿಗೆ ಮುನ್ನ. ಆಷಾಢದಲ್ಲಿ ಅವು ಹಸುರಾಗಿಯೇ ಓಲಾಡುವುವು. ನಮಗೆ ಪಡುವಣ ಗಾಳಿಯು ಮರಣದ ದೂತನಲ್ಲ, ರಾಗಿಯ ಬಿತ್ತನೆಯ ಕಾಲದ ಸಂಗಾತಿ. ಬೇರೊಂದು ದೇಶದ ಕವಿತೆಯನ್ನು ತರುವವರು ಮಾತನ್ನು ತಂದರೆ ಸಾಲದು, ಋತುವನ್ನೂ ಮರುನೆಡಬೇಕು. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ಬಲ್ಲವರಾಗಿದ್ದರು. ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ನಾಯಕನು ಕನ್ನಡದ ಹೆಗ್ಗಡೆಯಾದನು. ‘ಕಾರಿಹೆಗ್ಗಡೆಯ ಮಗಳು’ ಓದಿ ಕಣ್ಣೀರು ತಂದುಕೊಂಡ ತಾಯಂದಿರಲ್ಲಿ ಎಷ್ಟೋ ಮಂದಿಗೆ ಅದರ ಮೂಲದ ಹೆಸರೇ ತಿಳಿಯದು.

ಮರುನೆಡುವ ಮಾತು ಬಂದಾಗ ನಮಗೆ ಇನ್ನೊಂದು ಗಿಡದ ನೆನಪಾಯಿತು. ನಮ್ಮೂರಿಂದ ಬಡಗಣಕ್ಕೆ ಕೆಲವೇ ಮೈಲಿಗಳಾಚೆ ಇರುವ ದೇವನಹಳ್ಳಿಯು ಟಿಪ್ಪು ಸುಲ್ತಾನನ ಜನ್ಮಸ್ಥಳ. ಫ್ರಾನ್ಸಿನ ಕ್ರಾಂತಿಯ ಜನರು ಊರೂರ ಚೌಕದಲ್ಲಿ ‘ಸ್ವಾತಂತ್ರ್ಯವೃಕ್ಷ’ವೆಂದು ಒಂದು ಮರವನ್ನು ನೆಡುತ್ತಿದ್ದರು. 1797ರಲ್ಲಿ ರಿಪೋ ಎಂಬವನ ಮುಂದಾಳ್ತನದಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಒಂದು ಸಂಘವನ್ನು ಕಟ್ಟಿ ಅಂತಹುದೇ ಮರವನ್ನು ಅಲ್ಲಿಯೂ ನೆಟ್ಟರೆಂದು ದಾಖಲೆಯುಂಟು. ರಾಜರನ್ನೇ ಬೇಡವೆನ್ನುವವರು ಒಬ್ಬ ಸುಲ್ತಾನನ ಆಶ್ರಯದಲ್ಲಿ ಈ ಮರವನ್ನು ನೆಟ್ಟುದು ವಿಚಿತ್ರವೇ ಸರಿ! ಆ ದಾಖಲೆಯನ್ನು ಅಚ್ಚುಹಾಕಿಸಿದವರು 1799ರಲ್ಲಿ ಕೋಟೆಯನ್ನು ಗೆದ್ದ ಆಂಗ್ಲರಾದುದರಿಂದ ವಿವರಗಳ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ಆದರೂ ಗಮನಿಸಿರಿ: ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಕೂಡಿ ತಮ್ಮ ಪ್ರಸಿದ್ಧ ಕವನಗಳ ಪುಸ್ತಕವನ್ನು ಹೊರಡಿಸಿದುದು ಅದರ ಮರುವರ್ಷ, 1798ರಲ್ಲಿ. (ಎಳವೆಯಲ್ಲಿ ಫ್ರಾನ್ಸಿಗೆ ಹೋಗಿ ಕ್ರಾಂತಿಗೆ ಮರುಳಾಗಿದ್ದ ಈ ವರ್ಡ್ಸ್‌ವರ್ತ್ 1843ರಲ್ಲಿ ರಾಣಿಯ ಆಸ್ಥಾನಕವಿಯಾಗಿ ಕುಳಿತನು. ಅವನ ಮುಪ್ಪನ್ನು ನಾವು ಹಳಿಯಲಾರೆವು. ಆದರೆ ಷೆಲ್ಲಿಗೆ ಮುಪ್ಪೇ ಬರಲಿಲ್ಲ.)

ಇನ್ನು ನಮ್ಮ ಬೇಂದ್ರೆಯವರ ಸಂಗತಿ. ನಾವು ಹುಡುಗಿಗೆ ಬಹಳ ಹೊತ್ತು ಹೇಳಿದುದು ಇದನ್ನೇ. ಧಾರವಾಡವು ಆಗ ಬ್ರಿಟಿಷರ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. 1932ರಲ್ಲಿ ಬೇಂದ್ರೆಯವರ ‘ಗರಿ’ ಎಂಬ ಸಂಕಲನವು ಹೊರಬಂದಿತು. ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆಯ ನಿಮಿತ್ತ ಅವರನ್ನು ಹಿಂಡಲಗಿಯ ಸೆರೆಮನೆಗೆ ಕಳುಹಿದರು; ಬಳಿಕ ಮುಗದದಲ್ಲಿ ನಿರ್ಬಂಧದಲ್ಲಿಟ್ಟರು. ಮನೆಯೊಡೆಯನು ಸೆರೆಗೆ ಹೋದ ಸಂಸಾರದ ಪಾಡೇನೆಂಬುದನ್ನು ಈ ಪತ್ರಿಕೆಯ ವಾಚಕರು ಊಹಿಸಿಕೊಳ್ಳಬಲ್ಲರು. ಅದೇ ‘ಗರಿ’ಯಲ್ಲಿ ಒಂದು ಹಕ್ಕಿಯ ಕವಿತೆಯೂ ಉಂಟು. ಕಾಲವೆಂಬ ಹಕ್ಕಿ ಅದು; ಸಾಮ್ರಾಜ್ಯಗಳು ಅದಕ್ಕೆ ಒಕ್ಕಿ ತಿನ್ನುವ ತೆನೆಗಳು. ಸೂರ್ಯ ಮುಳುಗದ ರಾಜ್ಯವೆಂದು ಬೀಗುತ್ತಿದ್ದವರಿಗೆ ಇದಕ್ಕಿಂತ ಅಪಶಕುನದ ಮಾತೊಂದು ಉಂಟೆ? ಆದರೂ ಸೆರೆಮನೆಗೆ ಕಾರಣವಾದುದು ‘ನರಬಲಿ’. ಹಕ್ಕಿಯು ಹಾರುತ್ತಲೇ ಇದ್ದಿತು. ಮ್ಯಾಂಚೆಸ್ಟರಿನ ಕವಿತೆ ಪೆಟ್ಟಿಗೆಯಲ್ಲಿ, ಗಾಳಿಯ ಕವಿತೆ ಬಯಲಲ್ಲಿ ಎಂಬ ಹಳೆಯ ಕಥೆಯೇ ಇಲ್ಲಿಯೂ ನಡೆಯಿತು.

ಕುವೆಂಪುರವರು ಮುಸುಕನ್ನೂ ಬೇಡವೆಂದವರು. 1944ರ ತಮ್ಮ ಒಂದು ಕವನಸಂಗ್ರಹಕ್ಕೆ ‘ಕೋಗಿಲೆ ಮತ್ತು ಸೋವಿಯಟ್ ರಷ್ಯ’ ಎಂದೇ ಹೆಸರಿಟ್ಟರು. ಮಾವಿನ ತೋಪನ್ನೂ ಮಾಸ್ಕೋವನ್ನೂ ಒಂದೇ ರಕ್ಷಾಪುಟದ ಮೇಲೆ ಕೂರಿಸುವ ಎದೆಗಾರಿಕೆಯನ್ನು ನಾವು ಮೆಚ್ಚುವೆವು. ಆದರೆ ಮನಸ್ಸಿನಲ್ಲಿರುವುದನ್ನು ಹೇಳುವುದಾದರೆ, ಹೆಸರನ್ನು ಹೊತ್ತ ಕೋಗಿಲೆಗಿಂತ ಹೆಸರಿಲ್ಲದೆ ಹಾರಿದ ಹಕ್ಕಿಯೇ ನಮಗೆ ಹೆಚ್ಚು ದೂರ ಹೋದಂತೆ ತೋರುವುದು. ಇಲ್ಲಿ ನಮ್ಮೊಡನೆ ಜಗಳವಾಡುವ ವಾಚಕರು ಹಲವರಿರುವರೆಂಬುದನ್ನೂ ಬಲ್ಲೆವು.

ಇಷ್ಟರಲ್ಲಿ ದೇವನಹಳ್ಳಿಯ ಕಡೆಯಿಂದ ಏರಿದ ವಿಮಾನವೊಂದು ಮಾಡಿನ ಮೇಲೆ ಹಾದು ನಮ್ಮ ಮಾತನ್ನು ಮುಳುಗಿಸಿತು. 2008ರಲ್ಲಿ ನಿಲ್ದಾಣವು ತೆರೆದಂದಿನಿಂದ ಈ ಅಡಚಣೆಯು ನಮಗೆ ರೂಢಿಯಾಗಿದೆ. ಸದ್ದಡಗಿದ ಮೇಲೆ ನೋಡಿದರೆ ಹುಡುಗಿಯು ಅಂಚಿನ ‘ಪ್ರಕೃತಿಪ್ರೇಮ’ವನ್ನು ಹೊಡೆದುಹಾಕಿ ಅದರ ಕೆಳಗೆ ಏನನ್ನೋ ಸಣ್ಣಕ್ಷರದಲ್ಲಿ ಬರೆಯುತ್ತಿದ್ದಳು.

“ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರೆಯೆ, ತಾತ?”

ಕೊಟ್ಟಾರೆಂದು ಮಾತು ಕೊಡಲು ನಮಗೆ ಧೈರ್ಯ ಸಾಲಲಿಲ್ಲ. ಹೊಡೆದುಹಾಕಿದುದನ್ನೂ ಓದಿಕೊಂಡಿರು ಎಂದೆವು. ಅವಳು ನಕ್ಕು, ಪುಸ್ತಕವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು, ಗಾಳಿಗೆ ಎದುರಾಗಿ ಬಾಗಿ ಮನೆಗೆ ನಡೆದಳು.